ಐಸ್ ಫ್ಯಾಕ್ಟರಿಗೆ ಬಂದ ದೇವರು

ಆಗ ನಾನು ಕಡೂರು ಸ್ಟೇಷನ್ ಪಕ್ಕದ ಐಸ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ನೀರನ್ನು ಗಡ್ಡೆ ಕಟ್ಟಿಸುವುದು ಪೈಪುಗಳಲ್ಲಿ ಸುತ್ತುವ ಅಮೋನಿಯ. ಅದು ಸೋರಿದರೆ ಕಣ್ಣು ಉರಿಯುತ್ತದೆ, ಹೆಚ್ಚಾದರೆ ಉಸಿರೇ ಕಟ್ಟುತ್ತದೆ. ಸೋರುವ ಜಾಗ ಹುಡುಕಲು ಗಂಧಕದ ಬತ್ತಿ ಹಚ್ಚಿ ಪೈಪಿನುದ್ದಕ್ಕೂ ಹಿಡಿಯಬೇಕು. ಸೋರುವ ಕಡೆ ದಟ್ಟ ಬಿಳಿ ಹೊಗೆ ಏಳುತ್ತದೆ. ಇಷ್ಟೇ ವಿದ್ಯೆ.

ಒಂದು ಸೋಮವಾರ ಹಾಗೆ ಎದ್ದ ಹೊಗೆಯನ್ನು ಯಜಮಾನರು ನೋಡಿಬಿಟ್ಟರು. ನಾನು ಸ್ಪ್ಯಾನರ್ ತರುವಷ್ಟರಲ್ಲಿ ಆ ಜಾಯಿಂಟಿಗೆ ಮೂರು ಬೆರಳು ವಿಭೂತಿ ಬಿದ್ದಿತ್ತು.

“ಯಜಮಾನ್ರೇ, ಅದು ಗ್ಯಾಸು ಕಣ್ರೀ. ಇಂಜಿನ್ ನಿಲ್ಸಿ ಬಿಗಿ ಮಾಡ್ಬೇಕು.”

“ಸೋಮವಾರವೇ ಯಾಕೋ ಬಂತು ನಿನ್ನ ಗ್ಯಾಸು? ಮುಟ್ಟಿದ್ರೆ ಕೈ ಮುರೀತೀನಿ!”

ಅಂದಿನಿಂದ ಆ ಜಾಯಿಂಟಿನ ಮುಂದೆ ಬತ್ತಿ ಆರಲು ಯಜಮಾನರು ಬಿಡಲೇ ಇಲ್ಲ. ವಾರದೊಳಗೆ ತರೀಕೆರೆ, ಅಜ್ಜಂಪುರದಿಂದ ಜನ ಗಾಡಿ ಕಟ್ಟಿಕೊಂಡು ಬಂದರು. ಬಂದವರೆಲ್ಲ ಗಳಗಳನೆ ಅತ್ತರು. ಎಂದೂ ದೇವರಿಗೆ ಕೈಮುಗಿಯದ ಸ್ಟೇಷನ್ ಮಾಸ್ತರೂ ಅತ್ತರು. ಎಂಥಾ ಭಕ್ತಿ ಎಂದು ಯಜಮಾನರು ಕಣ್ಣೊರೆಸಿಕೊಂಡರು. ಭಕ್ತಿಯೂ ಇಲ್ಲ, ಬದನೆಕಾಯಿಯೂ ಇಲ್ಲ! ನಾನು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕಿಟಕಿ ತೆರೆಯುತ್ತಾ ಹೋದರೆ, ದೇವರು ಹೊರಟುಹೋದಾನೆಂದು ಅವರು ಹಿಂದಿನಿಂದ ಮುಚ್ಚುತ್ತಾ ಬರುತ್ತಿದ್ದರು.

ನನ್ನ ಭಯವೆಲ್ಲ ಯಜಮಾನರ ವಯಸ್ಸಾದ ತಾಯಿಯ ಬಗ್ಗೆ. ಅವರು ಬೆಳಗಿನಿಂದ ಆ ಜಾಯಿಂಟಿನ ಬುಡದಲ್ಲೇ ಚಾಪೆ ಹಾಸಿ ಕೂರುತ್ತಿದ್ದರು. ಕೆಮ್ಮುತ್ತಿದ್ದರು, ಅಳುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಲೂ ಇರಲಿಲ್ಲ. ಹತ್ತನೆಯ ದಿನ ಕೆಮ್ಮಿ ಕೆಮ್ಮಿ ಅವರಿಗೆ ಉಸಿರು ಸಿಕ್ಕಿಕೊಂಡಿತು. ಎತ್ತಿಕೊಂಡು ಹೋಗಿ ಹೊರಗಿನ ಗಾಳಿಗೆ ಕೂರಿಸಿದೆ. ಮರಳಿ ಬಂದು ಇಂಜಿನ್ ನಿಲ್ಲಿಸಿ, ಎರಡೂ ಕಡೆಯ ವಾಲ್ವ್ ಮುಚ್ಚಿ, ವಿಭೂತಿಯ ಮೇಲೆಯೇ ಸ್ಪ್ಯಾನರ್ ಹಾಕಿ ಬಿಗಿದೆ. ವಾಲ್ವ್ ತೆರೆದು ಬತ್ತಿ ಹಿಡಿದೆ. ಹೊಗೆ ಇಲ್ಲ. ಯಜಮಾನರು ನನ್ನನ್ನು ಅಲ್ಲೇ ಕೆಲಸದಿಂದ ತೆಗೆದರು.

ಹೊರಡುವಾಗ ಆ ತಾಯಿ ಜಗಲಿಯಲ್ಲಿ ಕೂತಿದ್ದರು. ಇವರೂ ಬೈಯುತ್ತಾರೆ ಅಂದುಕೊಂಡೆ.

“ಅದು ದೇವ್ರಲ್ಲ ಅಂತ ನಂಗೂ ಗೊತ್ತಿತ್ತು ಕಣಪ್ಪಾ,” ಅಂದರು. “ಮಗಳು ತೀರ್ಕೊಂಡು ವರ್ಷ ಆಯ್ತು. ಮನೇಲಿ ಅತ್ರೆ ಇನ್ನೂ ಯಾಕಳ್ತೀಯ ಅಂತ ಮಗ ರೇಗ್ತಾನೆ. ಅಲ್ಲಿ ಕೂತ್ರೆ ಯಾರೂ ಕೇಳ್ತಿರ್ಲಿಲ್ಲ.”

ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಅವರು ಅತ್ತು ಮುಗಿಸುವವರೆಗೂ ನಾನು ಏನೂ ಕೇಳಲಿಲ್ಲ.