ಲಂಬ್ರೋನ್ ಕೋಟೆಯ ಹೊರಗಿನ ರಾಣಿ

ಪರದೇಶದ ಲ್ಯಾವಿಂಗ್ಟನ್ ಬಡಾವಣೆಯಲ್ಲಿದ್ದ ನಮ್ಮ ಮನೆಯ ದಸರಾ ಗೊಂಬೆಗಳ ನಡುವೆ ಆ ವರ್ಷ ಆರ್ಮೇನಿಯನ್ನರ ಒಂದು ಕೋಟೆ ಬಂದು ಕೂತಿತು. ಮಗಳು ಶಾಲೆಗಾಗಿ ರಟ್ಟಿನಲ್ಲಿ ಮಾಡಿದ್ದ ಲಂಬ್ರೋನ್ ಅದು: ಟಾರಸ್ ಬೆಟ್ಟಗಳ ಬಂಡೆಯೊಂದರ ಮೇಲೆ ಮಧ್ಯಯುಗದ ಪಾಳೆಯಗಾರ ಮನೆತನವೊಂದು ತಲೆಮಾರುಗಳ ಕಾಲ ಬಾಳಿದ ಮೂಲಸ್ಥಾನ. ಕಲ್ಲು ಹೊತ್ತವರ ಹೆಸರು ಎಲ್ಲಿಯೂ ಉಳಿದಿಲ್ಲವೆಂದು ಒಂದು ಚೀಟಿ ಬರೆದು ಅಂಟಿಸಲು ನಾನೇ ಹೇಳಿದ್ದೆ, ಅಂಟಿಸಿದ್ದಳು.

ತಕರಾರು ಬಂದದ್ದು ಪಟ್ಟದ ಗೊಂಬೆಗಳಿಂದ. ಮೈಸೂರಿನಿಂದ ಬಂದಿದ್ದ ಅತ್ತೆ, ತಮ್ಮ ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ-ರಾಣಿಯರನ್ನು ಸೀರೆಯಲ್ಲಿ ಸುತ್ತಿ ತಂದಿದ್ದರು. ಐದನೆಯ ದಿನ ನೋಡಿದರೆ, ಮೇಲಿನ ಮೆಟ್ಟಿಲಲ್ಲಿ ರಾಜನ ಪಕ್ಕ ನಿಲ್ಲಬೇಕಾದ ರಾಣಿಯನ್ನು ಮಗಳು ಮೂರು ಮೆಟ್ಟಿಲು ಕೆಳಗೆ, ಕೋಟೆಯ ಹೊರಗೆ ನಿಲ್ಲಿಸಿದ್ದಳು.

"ಜೋಡಿ ಅಗಲಿಸಬಾರದು ಪುಟ್ಟಿ, ಅಮಂಗಳ," ಎಂದರು ಅತ್ತೆ.

"ನೋ ಅಜ್ಜಿ. ಶಿ ರ್‍ಯಾನ್ ಅವೇ."

"ಓಡಿಹೋದ್ಲಾ? ನನ್ನ ರಾಣಿನಾ?"

ನಾನು ವಿವರಿಸಿದೆ. ಆ ಆರ್ಮೇನಿಯನ್ನರ ರಾಜ್ಯದ ಕಿರೀಟ ಒಬ್ಬ ಪುಟ್ಟ ಹುಡುಗಿಯದಾಗಿತ್ತು. ಲಂಬ್ರೋನ್ ಮನೆತನದ ಹಿರಿಯನೊಬ್ಬ ಅವಳ ಪಾಲಕ. ಅವಳ ಮೊದಲ ಗಂಡ ಸೆರೆಯಲ್ಲಿ ಸತ್ತ ಮೇಲೆ ಆ ಪಾಲಕ ಅವಳನ್ನು ತನ್ನ ಮಗನಿಗೇ ತಂದುಕೊಳ್ಳಲು ಹೊರಟ. ಒಲ್ಲೆನೆಂದ ಅವಳು ಕಡಲತಡಿಯ ಕೋಟೆಯಲ್ಲಿದ್ದ ಕ್ರೈಸ್ತ ಯೋಧರ ಆಶ್ರಯ ಹೊಕ್ಕಳು. ಅವರು ತಮ್ಮ ಕೋಟೆಯೊಂದಿಗೆ ಅವಳನ್ನೂ ಪಾಲಕನಿಗೆ ಒಪ್ಪಿಸಿಬಿಟ್ಟರು. ಮದುವೆಯಾಯಿತು, ಮನೆತನ ಸಿಂಹಾಸನವೇರಿತು. ಇದು ಬಾಲ್ಯವಿವಾಹ, ಇದು ಬಲವಂತ, ಇದು ನಂಬಿದವರ ದ್ರೋಹ. ಪ್ರತಿಯೊಂದನ್ನೂ ಅದರ ಹೆಸರಿನಿಂದಲೇ ಕರೆಯಬೇಕು ಎಂದೆ. ಆ ಕಾಲದ ಚರಿತ್ರೆ ಬರೆದವರಲ್ಲಿ ವರನ ಅಣ್ಣನೂ ಒಬ್ಬನೆಂಬುದನ್ನು ಸೇರಿಸಿದೆ.

"ಭಾಷಣ ಆಮೇಲೆ ಮಾಡುವಿಯಂತೆ. ಸಂಜೆ ವೆಸ್ಟ್‌ಲ್ಯಾಂಡ್ಸ್‌ನವರೆಲ್ಲ ಕುಂಕುಮಕ್ಕೆ ಬರ್ತಾರೆ. ರಾಣಿ ಬೀದೀಲಿ ನಿಂತಿದ್ರೆ ಏನಂದ್ಕೋತಾರೆ?"

"ದೆನ್ ಐ ವಿಲ್ ಟೇಕ್ ಮೈ ಕ್ಯಾಸಲ್," ಎಂದು ಮಗಳು ಬುರುಜಿಗೆ ಕೈ ಹಾಕಿದಳು. ಎರಡು ವಾರ ಕತ್ತರಿ ಹಿಡಿದು ಬೆರಳಲ್ಲಿ ಬೊಕ್ಕೆ ಎಬ್ಬಿಸಿಕೊಂಡಿದ್ದ ಕೈ ಅದು. ಗೊಂಬೆಗಳಾದರೋ, ಅತ್ತೆಗೆ ತವರಿನಿಂದ ಉಳಿದ ಏಕೈಕ ಸ್ವತ್ತು.

ಅತ್ತೆ ಮೊಮ್ಮಗಳನ್ನೇ ನೋಡುತ್ತ ಕೇಳಿದರು: "ಅವಳಿಗೆಷ್ಟು ವಯಸ್ಸು?"

"ಲೈಕ್ ಮಿ, ಅಜ್ಜಿ."

ಅತ್ತೆ ಎದ್ದು ರಾಜನನ್ನು ತೆಗೆದು ಮೇಲಿನ ಮೆಟ್ಟಿಲಲ್ಲೇ ಅಡ್ಡ ಮಲಗಿಸಿ, ಮೇಲೊಂದು ರವಿಕೆ ಕಣ ಹೊದಿಸಿದರು. ಪಟ್ಟದ ಗೊಂಬೆಗಳನ್ನು ಮಲಗಿಸುವುದು ವಿಜಯದಶಮಿಯಂದು ಮಾತ್ರ. ಅದೂ ಇಬ್ಬರನ್ನೂ ಒಟ್ಟಿಗೆ. ಅನಂತರ ರಾಣಿಯನ್ನು ಎತ್ತಿ ತಂದು ಮೇಲೆ ಒಬ್ಬಳನ್ನೇ ನಿಲ್ಲಿಸಿದರು.

"ಕಿರೀಟ ಇವಳದ್ದು ತಾನೇ? ಇವಳ್ಯಾಕೆ ಹೊರಗಿರ್ಬೇಕು? ಅವನು ಮಲಗಿರ್ಲಿ."

ಮಗಳು ಸ್ವಲ್ಪ ಯೋಚಿಸಿ ಬುರುಜಿನಿಂದ ಕೈ ತೆಗೆದಳು.

ಸಂಜೆ ಮೊದಲು ಬಂದ, ನೆರೆಯ ಬಡಾವಣೆ ಹರ್ಲಿಂಗ್‌ಹ್ಯಾಮಿನ ಆಂಟಿ ಕಣ್ಣರಳಿಸಿದರು. "ಇದೇನ್ರೀ, ರಾಜ ಈಗಲೇ ಮಲಗಿಬಿಟ್ಟಿದಾನೆ?"

"ಜ್ವರ ಕಣ್ರೀ. ಇಲ್ಲಿನ ಥಂಡಿ ಅವನಿಗೆ ಆಗಿಬರ್ಲಿಲ್ಲ," ಎಂದರು ಅತ್ತೆ, ಕುಂಕುಮದ ಬಟ್ಟಲು ಚಾಚುತ್ತ.

ನಿಜವಾದ ಕಾರಣ ಹೇಳಲೆಂದು ನಾನು ಬಾಯಿ ತೆರೆದೆ. ಮಗಳು ಹಿಂದಿನಿಂದ ಚಿವುಟಿದಳು.

"ಪಾಪ, ರಾಣಿ ಒಬ್ಳೇ ನಿಂತಿದಾಳೆ," ಎಂದರು ಆಂಟಿ.

"ಚೆನ್ನಾಗೇ ನಿಂತಿದಾಳಲ್ಲ," ಎಂದರು ಅತ್ತೆ.