ಪದವಿನ ದಾರಿಯಲ್ಲಿ ಹಾರ್ನ್ ಇಲ್ಲದೆ

ನಮ್ಮೂರಿನಿಂದ ಗಡಿಯ ಕಡೆಗೆ ಹೋಗುವ ಉದ್ದದ ರಾಜ್ಯ ಹೆದ್ದಾರಿ ಪದವು ಎನ್ನುವ ಬೋಳು ಗುಡ್ಡದ ಬಯಲು ಹತ್ತಿತೆಂದರೆ ಬೇರೆಯೇ ಸೀಮೆ. ಅಲ್ಲಿ ಮರವಿಲ್ಲ, ಮನೆಯಿಲ್ಲ. ಮೇ ತಿಂಗಳಲ್ಲಿ ಕಣ್ಣು ಹೋದಷ್ಟು ದೂರ ಕಪ್ಪುಗಟ್ಟಿದ ಮುರಕಲ್ಲು, ಒಣಗಿದ ಮುಳಿಹುಲ್ಲು, ನಡುವೆ ಬಿಸಿಲಿಗೆ ನೀರಿನಂತೆ ಹೊಳೆಯುವ ಡಾಂಬರು. ಮರುಭೂಮಿ ಎಂದು ನೀವು ಮೊಮ್ಮಕ್ಕಳು ತಮಾಷೆ ಮಾಡುತ್ತೀರಿ. ನನಗೆ ಆ ದಾರಿ ಇಷ್ಟ. ಯಾರೂ ಎದುರು ಸಿಕ್ಕಿ ಮಾತಾಡಿಸುವುದಿಲ್ಲ.

ನಿಮ್ಮ ದೊಡ್ಡಕ್ಕನಿಗೆ ಪದವಿನ ಆಚೆಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬಸ್ಸಿನ ಹೊತ್ತು ಹೊಂದುವುದಿಲ್ಲ, ಕಾರು ಕೊಡಲು ನಿಮ್ಮಪ್ಪನಿಗೆ ಧೈರ್ಯವಿಲ್ಲ.

"ಅಜ್ಜಿಯನ್ನು ಕೂರಿಸಿಕೊಂಡು ಶಾಲೆವರೆಗೆ ಹೋಗಿ ಬಾ. ಅವರು ಹೆದರದಿದ್ರೆ ಕಾರು ನಿಂಗೆ," ಎಂದ ಅವಳಿಗೆ. ಯಾವ ಗಾಡಿಯಲ್ಲಿ ಕೂತರೂ "ಮೆಲ್ಲ, ಮೆಲ್ಲ" ಎನ್ನುವವಳು ನಾನೆಂದು ಅವನಿಗೆ ಗೊತ್ತು.

ಪದವಿನ ನಡುವೆ ಒಂದು ದೈವದ ಕಟ್ಟೆಯಿದೆ. ಸ್ಟೇರಿಂಗ್ ಬಿಟ್ಟು ಕೈಮುಗಿಯಲಾಗದ್ದರಿಂದ ಗಾಡಿಯವರೆಲ್ಲ ಅಲ್ಲಿ ಒಮ್ಮೆ ಹಾರ್ನ್ ಹಾಕಿ ಮುಂದೆ ಹೋಗುತ್ತಾರೆ. ಆ ದಿನ ನನ್ನನ್ನು ಕೂರಿಸಿಕೊಂಡು ಹೊರಟ ನಿಮ್ಮಕ್ಕನೂ ಹಾಕಿದಳು. ಹಾರ್ನ್ ನಿಲ್ಲಲೇ ಇಲ್ಲ. ಕಲ್ಲಿನ ಮೇಲಿದ್ದ ನವಿಲುಗಳು ಹಾರಿಹೋದವು. ನಾನು ಸೆರಗನ್ನು ತಲೆಗೆ ಎಳೆದುಕೊಂಡೆ. ಎದುರು ಬಂದ ಲಾರಿಯವನು ನಿಧಾನಿಸಿ ತಲೆ ಹೊರಹಾಕಿದ.

"ದೈವಕ್ಕೆ ಕೇಳಿತು ಮಾರಾಯ್ತಿ, ಇನ್ನು ಸಾಕು."

ಅವಳು ಕಾರು ಬದಿಗಿಟ್ಟು ಬಾನೆಟ್ ಎತ್ತಿದಳು.

"ಎಂತ ಮಾಡ್ತಿದ್ದಿ ಅಂತ ಗೊತ್ತುಂಟಾ ನಿಂಗೆ?"

"ಇಲ್ಲ ಅಜ್ಜಿ. ಬೊಬ್ಬೆ ಹಾಕುವುದು ಇದು. ಇದರ ವಯರ್ ಎಳೀತೇನೆ."

ಎಳೆದಳು. ಸದ್ದು ನಿಂತಿತು.

"ಇನ್ನು ಹಾರ್ನ್ ಇಲ್ಲ. ಅಪ್ಪನಿಗೆ ಫೋನ್ ಮಾಡ್ಲಾ?"

"ಮಾಡಿದ್ರೆ ಅವ ಬಂದು ಕಾರು ತಕೊಂಡು ಹೋಗ್ತಾನೆ. ನೀನೇ ಗಾಡಿ ಬಿಡು."

ತಿರುವು ಬಂದಾಗಲೆಲ್ಲ ಅವಳು ಕಾಲ್ನಡಿಗೆಯಷ್ಟು ನಿಧಾನಿಸುತ್ತಿದ್ದಳು. ನಾನು ಕಿಟಕಿಯಿಂದ ಬಗ್ಗಿ ನೋಡಿ "ಬರಲಿ" ಎನ್ನುತ್ತಿದ್ದೆ. ಶಾಲೆ ಮುಟ್ಟಿ ಹಿಂದೆ ಬರುವವರೆಗೂ "ಮೆಲ್ಲ" ಎನ್ನುವ ಅಗತ್ಯವೇ ಬರಲಿಲ್ಲ.

ನಿಮ್ಮಪ್ಪ ಅಂಗಳದಲ್ಲೇ ನಿಂತಿದ್ದ.

"ಹೆದರಿಕೆ ಆಯ್ತಾ ಅಮ್ಮ?"

"ಆಯ್ತು," ಎಂದೆ. ಅವಳ ಮುಖ ಸಣ್ಣದಾಯಿತು.

"ಹಾರ್ನಿಗೆ ಹೆದರಿದ್ದು. ಅವಳು ಕಾರು ಬಿಟ್ಟದ್ದಕ್ಕಲ್ಲ. ಶಾಲೆ ಸುರುವಾದ ಮೇಲೆ ನಾಲ್ಕು ದಿನ ನಾನೂ ಒಟ್ಟಿಗೆ ಹೋಗ್ತೇನೆ."

ನಾನು ಅಷ್ಟು ಮಾತಾಡಿದ್ದನ್ನು ಅವನು ಮುಂಚೆ ಕೇಳಿರಲಿಲ್ಲವೋ ಏನೋ. ಆಮೇಲೆ ಅವಳಿಗೆ ಹೇಳಿದ: "ಕೀ ನಿನ್ನಲ್ಲೇ ಇರಲಿ. ಹಾರ್ನ್ ರಿಪೇರಿ ಮಾಡಿಸು."

ಹಾಗೆ ಜೂನಿನಲ್ಲಿ ನಾನೂ ಶಾಲೆಗೆ ಹೋಗಿ ಜಗಲಿಯಲ್ಲಿ ಕೂತು ಮಕ್ಕಳ ಮಗ್ಗಿ ಕೇಳಿದೆ. ನಾಲ್ಕು ದಿನ ಎಂದದ್ದು ಮಳೆಗಾಲ ಮುಗಿಯುವವರೆಗೂ ನಡೆಯಿತು.