ಎಳ್ಳು ಕೊಟ್ಟು ತೆಗೆಸಿದ ಬಾಗಿಲು

ವೈಟೂಕೆ ಗಲಾಟೆ ಠುಸ್ ಎಂದ ಮೇಲೆ ಬಂದ ಸಂಕ್ರಾಂತಿ ಅದು. ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂದು ತಿಂಗಳುಗಟ್ಟಲೆ ಆಫೀಸಿನಲ್ಲೇ ಬಿದ್ದಿದ್ದ ನನ್ನ ಗಂಡ ಕಡೆಗೂ ಮನೆಗೆ ಬಂದು ನಿದ್ದೆ ಮಾಡುತ್ತಿದ್ದರು. ನಾನು ಜಪಾನಿನ ತ್ಸುಕುಬಾ ಊರಿನ ನಮ್ಮ ಬಾಡಿಗೆ ಮನೆಯಲ್ಲಿ ಕೊಬ್ಬರಿ ಹೆಚ್ಚುತ್ತ ಕೂತಿದ್ದೆ. ಮನಸ್ಸಿನಲ್ಲಿ ಹಬ್ಬವಿರಲಿಲ್ಲ. ಆ ವರ್ಷದ ಎಳ್ಳು ನನಗೆ ಒಂದು ಬಾಗಿಲು ತೆಗೆಸಲು ಬೇಕಾಗಿತ್ತು.

ಬಾಗಿಲು ಕೆಳಗಿನ ಮನೆಯ ಓಜೀಸಾನ್ ಅವರದು. ಓಜೀಸಾನ್ ಎಂದರೆ ಅಜ್ಜ. ಎಂಬತ್ತು ದಾಟಿದರೂ ನೆಟ್ಟಗೆ ನಡೆಯುತ್ತಿದ್ದರು. ನಮ್ಮ ಒಗ್ಗರಣೆಯ ಘಾಟಿಗೆ ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಹಿತ್ತಲ ಮರ ಹಣ್ಣು ಬಿಟ್ಟಾಗ ಚೀಲ ತುಂಬಿ ನಮ್ಮ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು. ಪರದೇಶದಲ್ಲಿ ದೇವರಂಥ ಹಿರಿಯರು ಸಿಕ್ಕಿದ್ದಾರೆಂದು ನಾನು ಮೈಸೂರಿಗೆ ಫೋನ್ ಮಾಡಿದಾಗಲೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವರು ನಿಜಕ್ಕೂ ಯಾರೆಂದು ನನಗೆ ಹೇಳಿದವರು ನಮ್ಮ ಬೀದಿಯ ಸೈಕಲ್ ಅಂಗಡಿಯ ಯಜಮಾನರು. ಅವರು ಕೊರಿಯಾದವರು, ಅರವತ್ತು ದಾಟಿದವರು. ಅವರ ಅಣ್ಣನನ್ನು ಜಪಾನಿ ಸೈನ್ಯ ಯುದ್ಧಕಾಲದಲ್ಲಿ ಎಲ್ಲೋ ದೂರದ ದ್ವೀಪದಲ್ಲಿ ಕೈದಿಗಳ ಕಾವಲಿಗೆ ಹಾಕಿತ್ತಂತೆ. ಕೈದಿಗಳು ನಮ್ಮವರು, ಸಿಂಗಾಪುರದಲ್ಲಿ ಸೆರೆಸಿಕ್ಕ ಇಂಡಿಯಾದ ಸೈನಿಕರು. ಕಾಯಿಲೆ ಬಿದ್ದು ಕೆಲಸಕ್ಕೆ ಬಾರದವರಿಗೆ ಅನ್ನ ಹಾಕಬೇಡಿ ಎಂದು ಕ್ಯಾಂಪಿನ ಅಧಿಕಾರಿ ಅಪ್ಪಣೆ ಮಾಡಿದ. ಎಷ್ಟೋ ಜನ ಹಸಿವಿನಿಂದ ಸತ್ತರು. ಯುದ್ಧ ಸೋತ ಕೂಡಲೇ ಅಧಿಕಾರಿ ಪರಾರಿಯಾದ. ಸಿಕ್ಕಿಬಿದ್ದ ಅಣ್ಣ ಆ ಸಾವುಗಳ ತಪ್ಪು ಹೊತ್ತು ಗಲ್ಲಿಗೇರಿದ.

ಪರಾರಿಯಾದವನು ಹಳ್ಳಿಯೊಂದರ ಗಂಡು ದಿಕ್ಕಿಲ್ಲದ ಮನೆಗೆ ಮನೆಅಳಿಯನಾಗಿ ಸೇರಿಕೊಂಡಿದ್ದ. ಜಪಾನಿನಲ್ಲಿ ಮನೆಅಳಿಯನಿಗೆ ಹೆಂಡತಿಯ ಮನೆತನದ ಹೆಸರೇ ಬರುತ್ತದೆ. ಸೈಕಲ್ ಅಂಗಡಿಯವರು ಊರೂರು ಅಲೆದು, ಹಳೆಯ ಸೈನಿಕರ ಮನೆಬಾಗಿಲು ತಟ್ಟಿ, ಆ ಹೊಸ ಹೆಸರನ್ನು ಹಿಡಿಯುವ ಹೊತ್ತಿಗೆ ಮುದುಕರಾಗಿದ್ದರು. ಆ ಹೆಸರಿನವರೇ ನಮ್ಮ ಓಜೀಸಾನ್. ಅವರು ಮಾತ್ರ ಬಾಗಿಲ ಕಿಂಡಿಯಲ್ಲಿ ಇಣುಕಿ, ಇವರನ್ನು ಕಂಡರೆ ತೆಗೆಯುತ್ತಲೇ ಇರಲಿಲ್ಲ.

"ಜೈಲಿಗೆ ಹಾಕ್ಸೋ ಕಾಲ ಹೋಯ್ತು," ಎಂದರು ಸೈಕಲ್ ಅಂಗಡಿಯವರು ನಿಧಾನವಾದ ಜಪಾನಿಯಲ್ಲಿ, ನನಗೆ ಅರ್ಥವಾಗಲೆಂದು. "ಅಪ್ಪಣೆ ನಂದು, ನಿನ್ನ ಅಣ್ಣಂದಲ್ಲ ಅಂತ ನನ್ನ ಮುಂದೆ ಒಂದು ಸಲ ಹೇಳ್ಲಿ ಸಾಕು. ಊರಲ್ಲಿ ನಮ್ಮಕ್ಕ ಹಾಸಿಗೆ ಹಿಡಿದಿದ್ದಾಳೆ. ಅವಳಿಗೆ ಹೇಳ್ಬೇಕು. ನೀವು ಕರೆದ್ರೆ ಅವರು ಬಾಗಿಲು ತೆಗೀತಾರೆ."

ನನ್ನ ಗಂಡನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ನಮ್ಗ್ಯಾಕೆ ಬೇಕು ಕಣೆ ಈ ಉಸಾಬರಿ? ಪ್ರಾಜೆಕ್ಟ್ ಎಕ್ಸ್‌ಟೆನ್ಷನ್ ಟೈಮಲ್ಲಿ ಏನಾದ್ರೂ ಇಶ್ಯೂ ಆದ್ರೆ?"

"ಸತ್ತಿರೋರು ನಮ್ಮೋರು ರೀ," ಎಂದೆ. ಹಾಗೆ ಹೇಳುವಾಗ ನನ್ನ ಬಗ್ಗೆ ನನಗೇ ಹೆಮ್ಮೆ ಅನ್ನಿಸಿತ್ತು.

ಸಂಜೆ ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡು, ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು ಇಟ್ಟುಕೊಂಡು ಕೆಳಗಿಳಿದೆ. ಸೈಕಲ್ ಅಂಗಡಿಯವರು ಗೋಡೆಯ ಮರೆಯಲ್ಲಿ ನಿಂತರು. ಬೆಲ್ ಒತ್ತಿದೆ. ಬಾಗಿಲು ತೆರೆಯಿತು. ಇಂಡಿಯಾದ ಹಬ್ಬ ಎಂದು ಹೇಳಿ ತಟ್ಟೆ ಚಾಚಿದಾಗ ಓಜೀಸಾನ್ ಮುಖವರಳಿಸಿ ಎರಡೂ ಕೈಯಲ್ಲಿ ಪೊಟ್ಟಣ, ಅಚ್ಚು ತೆಗೆದುಕೊಂಡರು. ಆಗ ಸೈಕಲ್ ಅಂಗಡಿಯವರು ಮುಂದೆ ಬಂದು ಅವರ ಹಳೆಯ ಹೆಸರು ಹಿಡಿದು ಕರೆದರು. ತಮ್ಮ ಅಣ್ಣನ ಹೆಸರನ್ನೂ ಹೇಳಿದರು.

ಓಜೀಸಾನ್ ಅವರ ಮುಖದಿಂದ ನಗು ಇಳಿದುಹೋಯಿತು. ಅವರು ಬಾಗಿಲು ಹಾಕಲಿಲ್ಲ. ಕೈಯಲ್ಲಿದ್ದುದನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ನಿಧಾನವಾಗಿ ಮಂಡಿಯೂರಿದರು. ಆದರೆ ತಿರುಗಿದ್ದು ನನ್ನ ಕಡೆಗೆ. ಎರಡೂ ಅಂಗೈ ನೆಲಕ್ಕೆ ಊರಿ, ಹಣೆಯನ್ನು ನನ್ನ ಪಾದದ ಹತ್ತಿರಕ್ಕೆ ತಂದು ಹೇಳಿದರು: "ಯುದ್ಧದಲ್ಲಿ ನಿಮ್ಮ ದೇಶದವರು ಬಹಳ ಕಷ್ಟ ಪಟ್ಟರು. ಕ್ಷಮಿಸಿ. ಆಗ ನಾನು..."

ಸೈಕಲ್ ಅಂಗಡಿಯವರು ಮುಂದಿನ ಮಾತು ಕೇಳಲು ಬಗ್ಗಿದ್ದರು. ನನಗೆ ಅದೊಂದೂ ಕಾಣಲಿಲ್ಲ. ಹಿರಿಯರು ಕಾಲಿಗೆ ಬಿದ್ದರೆ ನಮ್ಮ ಆಯುಸ್ಸು ಕಡಿಮೆಯಾಗುತ್ತದೆಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಛೇ ಛೇ ಎಂದು ಹಿಂದಕ್ಕೆ ಜಿಗಿದೆ. ಜೊತೆಗೆ, ಬಸ್ಸಿನಲ್ಲಿ ಕಾಲು ತುಳಿದವರಿಗೆ ದಿನಾ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡಿದ್ದ ಜಪಾನಿ ಮಾತು ತಾನಾಗಿ ಹೊರಬಿತ್ತು: "ಈಯೆ, ಈಯೆ. ಪರವಾಗಿಲ್ಲ, ಏಳಿ."

ಓಜೀಸಾನ್ ತಲೆಯೆತ್ತಿ ನನ್ನನ್ನು ನೋಡಿದರು. ಹೇಳಹೊರಟಿದ್ದ ಮಾತನ್ನು ಅಲ್ಲೇ ನುಂಗಿಕೊಂಡರು. "ಅರಿಗಾತೋ," ಎಂದು ಧನ್ಯವಾದ ಹೇಳಿ, ನಾನೇ ಚಾಚಿದ ಕೈ ಹಿಡಿದು ಎದ್ದು, ನನಗೊಬ್ಬಳಿಗೇ ತಲೆಬಾಗಿ ಬಾಗಿಲು ಹಾಕಿಕೊಂಡರು. ಕಣ್ಣಲ್ಲಿ ನೀರಿತ್ತು, ಭಾರ ಇಳಿಸಿದವರ ನೆಮ್ಮದಿಯೂ ಇತ್ತು.

ಸೈಕಲ್ ಅಂಗಡಿಯವರು ಬೆಲ್ ಒತ್ತಿದರು. ಮತ್ತೆ ಒತ್ತಿದರು. ಒಳಗೆ ಟಿವಿ ಹಾಕಿದ ಸದ್ದು ಕೇಳಿತು. ನಾನು ಖಾಲಿ ತಟ್ಟೆ ಹಿಡಿದುಕೊಂಡು, ಭೂಮಿ ಬಾಯಿ ಬಿಟ್ಟರೆ ಸಾಕೆಂದು ನಿಂತಿದ್ದೆ. ಏನೇನೋ ತಡವರಿಸಿದೆ. ಬಾಯಿಗೆ ಬಂದದ್ದು ಸುಮಿಮಾಸೆನ್, ಕ್ಷಮಿಸಿ ಅನ್ನುವ ಮಾತು, ಅದೊಂದೇ. ಅವರು ಬೆಲ್ಲಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು. ನಿಜಕ್ಕೂ ತಿಳಿದುಕೊಳ್ಳಬೇಕೆನ್ನುವವರ ಹಾಗೆ ಕೇಳಿದರು:

"ಆ ಕ್ಯಾಂಪಲ್ಲಿ ನಿಮ್ಮ ಮನೆಯೋರು ಯಾರಾದ್ರೂ ಇದ್ರಾ?"

"ಇಲ್ಲ," ಎಂದೆ.

"ನಮ್ಮಣ್ಣ ಇದ್ದ," ಎಂದರು.